ನಲವತ್ತು ದಾಟಿದ ಮೇಲೆ ಮತ್ತೆ ಕಾಲೇಜು: ಓದಿದ್ದು ತಲೆಯಲ್ಲಿ ನಿಲ್ಲುತ್ತಾ?

ಮರಳಿ_ತರಗತಿಗೆ

ಎಲ್ಲರಿಗೂ ನಮಸ್ಕಾರ. ನನಗೆ 46. ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಮನೆಗೆ ದುಡಿಯುವ ಕೈ ಬೇಕಾಯಿತು, ಕೆಲಸ ಸಿಕ್ಕಿತು, ಓದು ಅಲ್ಲಿಗೆ ನಿಂತಿತು. ಅವತ್ತಿನಿಂದ ಲೆಕ್ಕಪತ್ರ ವಿಭಾಗದಲ್ಲೇ ಇದ್ದೇನೆ. ಈಗ ಸಂಖ್ಯಾಶಾಸ್ತ್ರದ ಪದವಿಗೆ ಸೀಟು ಸಿಕ್ಕಿದೆ, ಮುಂದಿನ ತಿಂಗಳು ತರಗತಿ ಶುರು.

ಸಂಖ್ಯಾಶಾಸ್ತ್ರವೇ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ದಿನವಿಡೀ ನನ್ನ ಕೈಯಲ್ಲಿ ಅಂಕಿಗಳು ಓಡಾಡುತ್ತವೆ. ಕೂಡಿಸಿ, ಕಳೆದು, ತಾಳೆ ನೋಡಿ ಮುಂದಕ್ಕೆ ಕಳಿಸುತ್ತೇನೆ. ಅವು ಏನು ಹೇಳುತ್ತಿವೆ ಅಂತ ಮೀಟಿಂಗಿನಲ್ಲಿ ಎದ್ದು ನಿಂತು ಹೇಳುವವರು ಬೇರೆಯವರು. ಅದನ್ನು ನಾನೇ ಹೇಳುವಂತಾಗಬೇಕು ಅನ್ನೋ ಆಸೆ ಬಹಳ ವರ್ಷದ್ದು.

ಭಯ ಮೂರಿದೆ. ಒಂದು, ಓದಿದ್ದು ನೆನಪಿರುತ್ತಾ? ಈಗೀಗ ಒಂದು ಪುಟ ಓದಿ ತಿರುವಿದರೆ ಹಿಂದಿನ ಪುಟದಲ್ಲಿ ಏನಿತ್ತು ಅಂತ ಹುಡುಕಬೇಕಾಗುತ್ತೆ. ಎರಡು, ಗಣಿತದ ಟಚ್ ಪೂರ್ತಿ ಹೋಗಿದೆ. ಮೂರು, ಕೆಲಸ, ಮನೆ, ಕಾಲೇಜು ಮೂರೂ ಒಟ್ಟಿಗೆ ನಡೆಯುತ್ತಾ? ಕಚೇರಿಯಲ್ಲಿ ವಾರಕ್ಕೆ ಎರಡು ಮಧ್ಯಾಹ್ನ ಬಿಡುತ್ತೇವೆ ಅಂದಿದ್ದಾರೆ. ಧೈರ್ಯ ಹೇಳಿದರೆ ಸಂತೋಷವೇ. ಆದರೆ ಈ ದಾರಿಯಲ್ಲಿ ನಡೆದವರು ಹೇಗೆ ನಿಭಾಯಿಸಿದಿರಿ ಅನ್ನೋದನ್ನು ಬಿಡಿಸಿ ಹೇಳಿದರೆ ಅದು ಇನ್ನೂ ಹೆಚ್ಚು ಬೇಕಾಗಿದೆ.

ಹುರುಪು

ಮೇಡಂ, ಖಂಡಿತ ಆಗುತ್ತೆ! ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ ನೋಲಾ ಓಕ್ಸ್ ಅಂತ ಒಬ್ಬರು 2007ರಲ್ಲಿ ಫೋರ್ಟ್ ಹೇಸ್ ಸ್ಟೇಟ್ ಯೂನಿವರ್ಸಿಟಿಯಿಂದ ಪದವಿ ಪಡೆದಾಗ ಅವರ ವಯಸ್ಸು 95. ಮೊಮ್ಮಗಳೂ ಅದೇ ಸಮಾರಂಭದಲ್ಲಿ ಪದವಿ ತಗೊಂಡಳು. ಆಮೇಲೆ ಅಜ್ಜಿ ಸ್ನಾತಕೋತ್ತರವನ್ನೂ ಮುಗಿಸಿದರು. ಕೀನ್ಯಾದ ಕಿಮಾನಿ ಮರುಗೆ 2004ರಲ್ಲಿ ಒಂದನೇ ತರಗತಿಗೆ ಸೇರಿದಾಗ 84 ವರ್ಷ. ಇವರ ಮುಂದೆ 46 ಯಾವ ಲೆಕ್ಕ?

ರಾತ್ರಿಪಾಳಿ

ಹುರುಪು ಅವರೇ, ಆ ಅಜ್ಜಿಯ ವಿಷಯ ಓದಿದಾಗಲೆಲ್ಲ ನನಗೂ ಖುಷಿಯಾಗುತ್ತೆ. ಆದರೆ ಕೆಲಸ ಮಾಡುತ್ತಾ ಓದುವವರ ಕಷ್ಟವೇ ಬೇರೆ, ಅದಕ್ಕೆ ಸಮಯದ ಲೆಕ್ಕದಿಂದಲೇ ಶುರು ಮಾಡುತ್ತೇನೆ. ನಾನು ನರ್ಸ್. ಡಿಪ್ಲೊಮಾ ಮೇಲೆ ಕೆಲಸ ಮಾಡುತ್ತಿದ್ದವಳು, ಐವತ್ತರ ಹತ್ತಿರ ಬಂದಾಗ ಡಿಗ್ರಿ ಮುಗಿಸಿದೆ.

ಅಕ್ಕ, ಮೊದಲು ನಿಮ್ಮ ಕೋರ್ಸಿನ ಕ್ರೆಡಿಟ್‌ಗಳನ್ನು ಗಂಟೆಗೆ ಇಳಿಸಿ. ಒಂದೊಂದು ಕಡೆ ಒಂದೊಂದು ಪದ್ಧತಿ ಇರುತ್ತೆ, ನಿಮ್ಮ ಕಾಲೇಜಿನದ್ದನ್ನು ಕೇಳಿ ತಿಳಿದುಕೊಳ್ಳಿ. ಅಂದಾಜಿಗೆ ಯುರೋಪಿನ ವಿಶ್ವವಿದ್ಯಾಲಯಗಳ ಪದ್ಧತಿ ತಗೊಳ್ಳಿ: ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆ ಕೆಲಸ, ಪೂರ್ಣ ವರ್ಷಕ್ಕೆ 60 ಕ್ರೆಡಿಟ್. ಅಂದರೆ ವರ್ಷಕ್ಕೆ 1500ರಿಂದ 1800 ಗಂಟೆ. ಅದು ಹೆಚ್ಚುಕಡಿಮೆ ಒಂದು ಪೂರ್ಣಾವಧಿ ನೌಕರಿ. ಐದು ಕ್ರೆಡಿಟ್ಟಿನ ಒಂದೇ ಒಂದು ವಿಷಯ 125ರಿಂದ 150 ಗಂಟೆ ಕೇಳುತ್ತೆ. 15 ವಾರಕ್ಕೆ ಹಂಚಿದರೆ ವಾರಕ್ಕೆ 8ರಿಂದ 10 ಗಂಟೆ, ತರಗತಿ ಸೇರಿ.

ನಿಮ್ಮ ಎರಡು ಮಧ್ಯಾಹ್ನಗಳು ತರಗತಿಗೇ ಹೋಗುತ್ತವೆ. ಉಳಿದ ಗಂಟೆ ಎಲ್ಲಿಂದ ಬರುತ್ತೆ? "ಹೇಗೋ ಹೊಂದಿಸುತ್ತೇನೆ" ಅಂದರೆ ಆ ಗಂಟೆಗಳು ಬರೋದಿಲ್ಲ. ಯಾವ ದಿನ, ಎಷ್ಟು ಹೊತ್ತಿಗೆ, ಆ ಹೊತ್ತಿನಲ್ಲಿ ಈಗ ಏನು ನಡೀತಾ ಇದೆ, ಅದನ್ನು ಯಾರು ವಹಿಸಿಕೊಳ್ಳುತ್ತಾರೆ, ಎಲ್ಲವನ್ನೂ ಕಾಗದದ ಮೇಲೆ ಬರೆಯಿರಿ. ನನ್ನ ವಾರ್ಡಿನಲ್ಲಿ ಓದಲು ಸೇರಿ ಮಧ್ಯದಲ್ಲಿ ಬಿಟ್ಟವರನ್ನು ನೋಡಿದ್ದೇನೆ. ಬುದ್ಧಿ ಸಾಲದೆ ಬಿಟ್ಟವರು ಅವರಲ್ಲಿ ಯಾರೂ ಇರಲಿಲ್ಲ. ಗಂಟೆ ಸಾಲದೆ ಬಿಟ್ಟರು.

ಇನ್ನೊಂದು ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. ಆ ಗಂಟೆಗಳನ್ನು ನಿದ್ದೆಯಿಂದ ಕದಿಯಬೇಡಿ. 1924ರಷ್ಟು ಹಿಂದೆಯೇ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಅನ್ನುವ ಇಬ್ಬರು ಪ್ರಯೋಗ ಮಾಡಿ ತೋರಿಸಿದ್ದಾರೆ: ಏನನ್ನಾದರೂ ಕಲಿತು ಮಲಗಿ ಎದ್ದವರಿಗೆ, ಅಷ್ಟೇ ಹೊತ್ತು ಎಚ್ಚರವಿದ್ದವರಿಗಿಂತ ಹೆಚ್ಚು ನೆನಪಿರುತ್ತೆ. ನಾನು ಪಾಳಿಗೆ ಹೊರಡುವ ಮೊದಲು ಓದುತ್ತಿದ್ದೆ, ಪಾಳಿ ಮುಗಿದ ಮೇಲೆ ಪುಸ್ತಕ ಮುಟ್ಟುತ್ತಿರಲಿಲ್ಲ.

ಸಂಖ್ಯಾ_ಮೇಷ್ಟ್ರು

ನಾನು ಕಾಲೇಜಿನಲ್ಲಿ ಇದೇ ವಿಷಯ ಕಲಿಸುವವನು. ಸಂಜೆ ತರಗತಿಗಳಲ್ಲಿ ನಿಮ್ಮ ವಯಸ್ಸಿನವರು ಬಹಳ ಜನ ಬರುತ್ತಾರೆ. ನೆನಪಿನ ಪ್ರಶ್ನೆಗೆ ಸ್ವಲ್ಪ ವಿವರವಾಗಿ ಉತ್ತರಿಸುತ್ತೇನೆ, ಏಕೆಂದರೆ ಈ ಒಂದು ಭಯಕ್ಕೇ ಎಷ್ಟೋ ಜನ ಬಾಗಿಲ ತನಕ ಬಂದು ವಾಪಸ್ ಹೋಗುತ್ತಾರೆ.

ವಯಸ್ಸಿನೊಂದಿಗೆ ಕಡಿಮೆಯಾಗುವುದು ಖಂಡಿತ ಇದೆ. ಹೊಸ ಮಾಹಿತಿಯನ್ನು ಸಂಸ್ಕರಿಸುವ ವೇಗ ಹದಿಹರೆಯದ ಕೊನೆಯಲ್ಲೇ ಶಿಖರ ಮುಟ್ಟಿ ಆಮೇಲೆ ಇಳಿಯುತ್ತದೆ. ಆದರೆ ಮನಸ್ಸಿನ ಎಲ್ಲ ಸಾಮರ್ಥ್ಯಗಳೂ ಒಟ್ಟಿಗೆ ಇಳಿಯುವುದಿಲ್ಲ. ಮನಶ್ಶಾಸ್ತ್ರಜ್ಞ ರೇಮಂಡ್ ಕ್ಯಾಟೆಲ್ ಕಳೆದ ಶತಮಾನದ ಮಧ್ಯದಲ್ಲೇ ಬುದ್ಧಿಶಕ್ತಿಯನ್ನು ಎರಡಾಗಿ ನೋಡಿದರು: ಹೊಚ್ಚ ಹೊಸ ಸಮಸ್ಯೆಯನ್ನು ಥಟ್ಟನೆ ಬಿಡಿಸುವುದು ಒಂದು, ಬದುಕಿನಲ್ಲಿ ಕೂಡಿಟ್ಟ ತಿಳಿವಳಿಕೆಯನ್ನು ಬಳಸುವುದು ಇನ್ನೊಂದು. ಎರಡನೆಯದು ಬಹಳ ಕಾಲ ಬೆಳೆಯುತ್ತಲೇ ಇರುತ್ತದೆ. ಹಾರ್ಟ್‌ಶೋರ್ನ್ ಮತ್ತು ಜರ್ಮೈನ್ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಬ್ದಭಂಡಾರದ ಶಿಖರ ಅರವತ್ತು ದಾಟಿದ ಮೇಲೆ ಕಂಡಿತು.

ಲಂಡನ್ನಿನ ಟ್ಯಾಕ್ಸಿ ಚಾಲಕರ ಉದಾಹರಣೆ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಅಲ್ಲಿ ಲೈಸೆನ್ಸ್ ಬೇಕಾದರೆ ಸುಮಾರು 25,000 ಬೀದಿಗಳ ಜಾಲ ತಲೆಯಲ್ಲಿರಬೇಕು. ಅದಕ್ಕೆ ಸಾಮಾನ್ಯವಾಗಿ ಮೂರು ನಾಲ್ಕು ವರ್ಷ ಹಿಡಿಯುತ್ತದೆ, ಕಲಿಯುವವರೆಲ್ಲ ವಯಸ್ಕರು. ವೂಲೆಟ್ ಮತ್ತು ಮಗ್ವಾಯರ್ ಎಂಬ ಸಂಶೋಧಕರು ಕಲಿಕೆಗೆ ಮೊದಲು ಮತ್ತು ನಂತರ ಅವರ ಮಿದುಳಿನ ಸ್ಕ್ಯಾನ್ ಮಾಡಿ 2011ರಲ್ಲಿ ಪ್ರಕಟಿಸಿದರು. ಪರೀಕ್ಷೆ ಪಾಸಾದವರ ಹಿಪೊಕ್ಯಾಂಪಸ್‌ನ ಹಿಂಭಾಗದಲ್ಲಿ, ಅಂದರೆ ನೆನಪಿಗೂ ಜಾಗದ ಅರಿವಿಗೂ ಬೇಕಾದ ಭಾಗದಲ್ಲಿ, ಬೂದು ದ್ರವ್ಯ ಹೆಚ್ಚಿತ್ತು. ಪಾಸಾಗದವರಲ್ಲಿ ಆ ಬದಲಾವಣೆ ಇರಲಿಲ್ಲ. ಬೆಳೆದ ಮಿದುಳೂ ಕಲಿಕೆಗೆ ತಕ್ಕಂತೆ ಬದಲಾಗುತ್ತದೆ.

ಇನ್ನು "ಪುಟ ತಿರುವಿದರೆ ಮರೆಯುತ್ತೆ" ಅಂದಿರಿ. ನನ್ನ ಹದಿನೆಂಟರ ವಿದ್ಯಾರ್ಥಿಗಳೂ ಹಾಗೇ ಮರೆಯುತ್ತಾರೆ. ಬರೀ ಓದುವುದು ಕಲಿಯುವ ದಾರಿಗಳಲ್ಲೇ ದುರ್ಬಲವಾದದ್ದು. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಮಾಡಿದ ಪ್ರಯೋಗದಲ್ಲಿ ಒಂದು ಗುಂಪು ಪಾಠವನ್ನು ಎರಡು ಸಲ ಓದಿತು. ಇನ್ನೊಂದು ಗುಂಪು ಒಂದು ಸಲ ಓದಿ, ಆಮೇಲೆ ಪಾಠ ನೋಡದೆ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ಓದಿದವರಿಗೆ ಶೇ 42ರಷ್ಟು ನೆನಪಿತ್ತು, ಬರೆದು ನೋಡಿದವರಿಗೆ ಶೇ 56ರಷ್ಟು. ಮತ್ತೆ ಮತ್ತೆ ಓದಿದರೆ ಗೊತ್ತಾಗಿದೆ ಅನ್ನೋ ಭಾವನೆ ಬರುತ್ತದೆ, ಆ ಭಾವನೆಯನ್ನು ನಂಬಬಾರದು.

ನೀವು ಮಾಡಬೇಕಾದ್ದು ಹೀಗೆ. ಒಂದು ವಿಭಾಗ ಓದಿ. ಪುಸ್ತಕ ಮುಚ್ಚಿ. ಖಾಲಿ ಹಾಳೆ ತಗೊಂಡು, ಓದಿದ್ದನ್ನು ನಿಮ್ಮದೇ ಮಾತಿನಲ್ಲಿ, ನಿಮ್ಮದೇ ಉದಾಹರಣೆಯೊಂದಿಗೆ ಬರೆಯಿರಿ. ಎಲ್ಲಿ ಪೆನ್ನು ನಿಲ್ಲುತ್ತದೋ ಅಲ್ಲಿಗೆ ಮಾತ್ರ ಪುಸ್ತಕ ತೆಗೆದು ನೋಡಿ. ಮಾರನೇ ದಿನ ಇನ್ನೊಮ್ಮೆ, ಆಮೇಲೆ ಕೆಲವು ದಿನ ಬಿಟ್ಟು ಮತ್ತೊಮ್ಮೆ. ಈ ಅಂತರ ಬಹಳ ಮುಖ್ಯ. ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ, ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಮರೆವು ಹೇಗೆ ನಡೆಯುತ್ತದೆ ಎಂದು ಅಳೆದು ತೋರಿಸಿದ್ದರು. ಒಂದೇ ದಿನ ಗುಡ್ಡೆ ಹಾಕಿ ಓದುವುದಕ್ಕಿಂತ ದಿನಗಳಿಗೆ ಹಂಚಿ ಓದಿದ್ದು ನಿಲ್ಲುತ್ತದೆ ಎಂಬುದೂ ಅಲ್ಲೇ ಇದೆ.

ಒಂದು ಮಾದರಿ ಕೊಡುತ್ತೇನೆ, ನಿಮ್ಮ ಮೊದಲ ಸೆಮಿಸ್ಟರಿನಲ್ಲೇ ಬರುವುದು. ಸ್ಯಾಂಪಲ್ ಅಂದರೆ ಇಡೀ ಸಮೂಹದಿಂದ ಆರಿಸಿಕೊಂಡ ಕೆಲವು ಸಂಖ್ಯೆಗಳು, ವ್ಯತ್ಯಯ ಅಂದರೆ ಅವು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ, ಎನ್ ಅಂದರೆ ಆ ಸಂಖ್ಯೆಗಳು ಎಷ್ಟಿವೆ ಎಂಬ ಎಣಿಕೆ. ಸ್ಯಾಂಪಲ್ಲಿನ ವ್ಯತ್ಯಯ ಲೆಕ್ಕ ಹಾಕುವಾಗ ಎನ್‌ನಿಂದ ಭಾಗಿಸದೆ ಎನ್ ಮೈನಸ್ ಒಂದರಿಂದ ಯಾಕೆ ಭಾಗಿಸುತ್ತೇವೆ? 4, 7, 10 ಎಂಬ ಮೂರು ಸಂಖ್ಯೆ ತಗೊಳ್ಳಿ. ಸರಾಸರಿ 7. ಸರಾಸರಿಯಿಂದ ದೂರಗಳು: ಮೈನಸ್ 3, ಸೊನ್ನೆ, ಪ್ಲಸ್ 3. ಈ ದೂರಗಳ ಮೊತ್ತ ಯಾವಾಗಲೂ ಸೊನ್ನೆ. ಹಾಗಾಗಿ ಮೊದಲ ಎರಡು ಗೊತ್ತಾದರೆ ಮೂರನೆಯದಕ್ಕೆ ಸ್ವಾತಂತ್ರ್ಯವೇ ಇಲ್ಲ, ಅದು ನಿಗದಿಯಾಗಿಬಿಟ್ಟಿದೆ. ಮೂರು ದೂರಗಳಿದ್ದರೂ ಹೊಸ ಮಾಹಿತಿ ಎರಡೇ. ಈ ದೂರಗಳ ವರ್ಗಗಳ ಮೊತ್ತ 18. ಮೂರರಿಂದ ಭಾಗಿಸಿದರೆ 6, ಎರಡರಿಂದ ಭಾಗಿಸಿದರೆ 9. ಮೂರರಿಂದ ಭಾಗಿಸುತ್ತಾ ಹೋದರೆ ಸರಾಸರಿಯಲ್ಲಿ ಇಡೀ ಸಮೂಹದ ವ್ಯತ್ಯಯವನ್ನು ಕಡಿಮೆ ಅಂದಾಜು ಮಾಡುತ್ತೇವೆ.

ಇದನ್ನು ಹದಿನೆಂಟರವರಿಗೆ ಹೇಳಿದರೆ ಸೂತ್ರ ಬರೆದುಕೊಳ್ಳುತ್ತಾರೆ. ನೀವು ಲೆಕ್ಕಪತ್ರದವರು. ತಾಳೆಪಟ್ಟಿಯಲ್ಲಿ ಎರಡೂ ಕಡೆ ಸಮ ಬರಲೇಬೇಕು ಅಂದಮೇಲೆ, ಒಂದು ಬಿಟ್ಟು ಉಳಿದೆಲ್ಲ ಮೊತ್ತ ಗೊತ್ತಿದ್ದರೆ ಬಿಟ್ಟುಹೋದ ಮೊತ್ತ ಎಷ್ಟು ಅಂತ ನೀವು ಯಾರನ್ನೂ ಕೇಳುವುದಿಲ್ಲ. ಅದೇ ತತ್ವ ಇದು. ನಿಮ್ಮ ವರ್ಷಗಳು ನಿಮಗೆ ಕೊಟ್ಟಿರುವುದು ಇಂಥ ಹಿಡಿಕೆಗಳನ್ನು. ಹೊಸ ವಿಷಯ ಬಂದಾಗೆಲ್ಲ, "ಇದು ನನ್ನ ಕೆಲಸದಲ್ಲಿ ಎಲ್ಲಿದೆ?" ಅಂತ ಕೇಳಿಕೊಳ್ಳಿ.

ಮರಳಿ_ತರಗತಿಗೆ

ಮೇಷ್ಟ್ರೇ, ಎನ್ ಮೈನಸ್ ಒಂದು ಇಷ್ಟು ಸಲೀಸಾಗಿ ಅರ್ಥವಾಗುತ್ತೆ ಅಂದುಕೊಂಡಿರಲಿಲ್ಲ. ಹಾಳೆ ತಗೊಂಡು 4, 7, 10ರ ಬದಲು ಬೇರೆ ಸಂಖ್ಯೆ ಹಾಕಿ ಮಾಡಿ ನೋಡಿದೆ, ಸರಿ ಬಂತು. ಆದರೆ ಬೀಜಗಣಿತ? ಅಕ್ಷರಗಳು ಬಂದ ಕೂಡಲೇ ಕೈ ನಿಲ್ಲುತ್ತೆ.

ರಾತ್ರಿಪಾಳಿ ಅವರೇ, ಗಂಟೆಗಳನ್ನು ಬರೆಯೋಕೆ ಕೂತೆ. ಕಾಗದದ ಮೇಲೆ ನೋಡಿದಾಗಲೇ ಗೊತ್ತಾಗಿದ್ದು ಎಷ್ಟು ಕಮ್ಮಿ ಇದೆ ಅಂತ.

ಸಂಖ್ಯಾ_ಮೇಷ್ಟ್ರು

"ಗಣಿತ ಬರಲ್ಲ" ಅನ್ನುವವರಲ್ಲಿ ಹೆಚ್ಚಿನವರಿಗೆ ಗಣಿತದ ಯಾವುದೋ ಒಂದೆರಡು ಮೆಟ್ಟಿಲು ಮಾತ್ರ ಬರುವುದಿಲ್ಲ. ಅದು ಯಾವುದು ಅಂತ ಪತ್ತೆ ಹಚ್ಚಿ. ಪ್ರೌಢಶಾಲೆಯ ಹಳೇ ಪಠ್ಯಪುಸ್ತಕ ತಗೊಂಡು ಪ್ರತಿ ಅಧ್ಯಾಯದ ಕೊನೆಯ ಲೆಕ್ಕಗಳಲ್ಲಿ ಎರಡೆರಡು ಮಾಡಿ. ಸರಿ ಬಂದರೆ ಮುಂದಿನ ಅಧ್ಯಾಯ. ತಪ್ಪಿದ ಕಡೆ ನಿಂತು, ಅದೊಂದೇ ಅಧ್ಯಾಯವನ್ನು ಮೊದಲಿನಿಂದ ಮಾಡಿ. ನನ್ನ ಅನುಭವದಲ್ಲಿ ಬಹಳ ಜನ ಸಿಕ್ಕಿಹಾಕಿಕೊಳ್ಳುವ ಜಾಗ ಮೂರು: ಭಿನ್ನರಾಶಿ, ಆವರಣದ ಹೊರಗಿನ ಋಣಚಿಹ್ನೆ, ಘಾತಾಂಕ. ಅಕ್ಷರ ಬಂದಾಗ ಕೈ ನಿಂತರೆ ಅದರ ಜಾಗಕ್ಕೆ ಒಂದು ಸಣ್ಣ ಸಂಖ್ಯೆ ಹಾಕಿ ನೋಡಿ, ಆಮೇಲೆ ಅಕ್ಷರ ವಾಪಸ್ ತನ್ನಿ. ತರಗತಿ ಶುರುವಾಗಲು ಒಂದು ತಿಂಗಳಿದೆ, ದಿನಕ್ಕೆ ಅರ್ಧ ಗಂಟೆ ಸಾಕು. ಆಂಕಿ ಎಂಬ ಉಚಿತ ಸಾಫ್ಟ್‌ವೇರ್ ಇದೆ, ನೀವು ಮಾಡಿಕೊಂಡ ಪ್ರಶ್ನೆಗಳನ್ನು ಅಂತರ ಲೆಕ್ಕ ಹಾಕಿ ಅದೇ ಕೇಳುತ್ತದೆ. ಸೂತ್ರಗಳಿಗೆ ಒಳ್ಳೆಯದು. ಲೆಕ್ಕಕ್ಕೆ ಮಾತ್ರ ಕಾಗದವೇ ಆಗಬೇಕು.

ನೇಮಕಾತಿ_ಮೇಜು

ನಾನು ಹದಿನೈದು ವರ್ಷದಿಂದ ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಕಡೆ ಇದ್ದೇನೆ. ಯಾರೂ ಕೇಳದ ಒಂದು ಪ್ರಶ್ನೆ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಪದವಿ ಮುಗಿದ ಮೇಲೆ ಇದೇ ಸಂಸ್ಥೆಯಲ್ಲಿ ಬೇರೆ ಕುರ್ಚಿ ಬೇಕೋ, ಹೊರಗೆ ಬೇರೆ ಕೆಲಸ ಬೇಕೋ, ಅಥವಾ ಕಲಿಯುವುದೇ ಗುರಿಯೋ? ಮೂರೂ ಒಳ್ಳೆಯವೇ, ಆದರೆ ಮೂರಕ್ಕೂ ತಯಾರಿ ಬೇರೆ.

ಹೊರಗಿನ ಕೆಲಸಕ್ಕಾದರೆ, ಪದವಿ ಇದೆ ಅಂದ ಮಾತ್ರಕ್ಕೆ ಬಾಗಿಲು ತೆರೆಯೋದಿಲ್ಲ. ಅನುಭವ ಮತ್ತು ಪದವಿ ಒಂದೇ ದಿಕ್ಕಿಗೆ ನಿಂತಿರಬೇಕು. ನಿಮ್ಮದು ಹಾಗೆ ನಿಂತಿದೆ, ಅದು ನಿಜವಾದ ಬಲ. ಇಪ್ಪತ್ತು ವರ್ಷ ಲೆಕ್ಕಪತ್ರ ನೋಡಿದವರು ಅಂಕಿಅಂಶ ವಿಶ್ಲೇಷಣೆಗೆ ಬಂದರೆ, ಯಾವ ಅಂಕಿ ಯಾಕೆ ಅನುಮಾನಾಸ್ಪದ ಅಂತ ವಾಸನೆ ಹಿಡಿಯುತ್ತಾರೆ. ಹೊಸಬರಿಗೆ ಅದು ಬರೋಕೆ ವರ್ಷಗಳು ಬೇಕು. ನೀವು ಬಯಸುವ ಕುರ್ಚಿಯಲ್ಲಿ ಈಗ ಕೂತಿರುವ ಇಬ್ಬರು ಮೂವರ ಹತ್ತಿರ ಮಾತಾಡಿ. ದಿನವೂ ಏನು ಮಾಡುತ್ತಾರೆ, ಯಾವ ಸಾಫ್ಟ್‌ವೇರ್ ಬಳಸುತ್ತಾರೆ ಕೇಳಿ. ಮೂರನೇ ವರ್ಷದ ಪ್ರಾಜೆಕ್ಟ್ ಯಾವುದಾಗಬೇಕು ಅನ್ನೋದು ಆ ಮಾತಿನಲ್ಲೇ ಸಿಗುತ್ತೆ.

ಒಂದು ಕಚೇರಿ ಕೆಲಸ: ಹಳೇ ಕಾಲೇಜಿನ ಅಂಕಪಟ್ಟಿ ಇದ್ದರೆ ಅವತ್ತು ಪಾಸಾದ ವಿಷಯಗಳಿಗೆ ವಿನಾಯಿತಿ ಸಿಗುತ್ತಾ ಅಂತ ವಿಚಾರಿಸಿ. ಸಿಗುತ್ತೆ ಅಂದರೆ ಲಿಖಿತವಾಗಿ ತಗೊಳ್ಳಿ.

ಅರ್ಧಕ್ಕೆ_ನಿಂತವಳು

ನಾನು ಸೇರಿ, ಒಂದು ವರ್ಷ ಓದಿ, ನಿಲ್ಲಿಸಿದವಳು. ಇಲ್ಲಿ ಮುಗಿಸಿದವರೇ ಮಾತಾಡುತ್ತಿರುವುದರಿಂದ ನನ್ನದೂ ಇರಲಿ ಅಂತ ಬರೆಯುತ್ತಿದ್ದೇನೆ.

ಅತ್ತೆಯವರಿಗೆ ಹುಷಾರು ತಪ್ಪಿತು, ಅವರನ್ನು ನೋಡಿಕೊಳ್ಳುವುದನ್ನು ನಾನು ಆರಿಸಿಕೊಂಡೆ. ಆ ಆಯ್ಕೆಯ ಬಗ್ಗೆ ಇವತ್ತಿಗೂ ನೆಮ್ಮದಿ ಇದೆ. ಆದರೆ ಕಾಲೇಜಿಗೆ ಅರ್ಜಿ ಕೊಟ್ಟು ವಿರಾಮ ತಗೊಳ್ಳಬಹುದು ಅನ್ನೋ ವಿಷಯವನ್ನು ನಮಗೆ ಯಾರೂ ಹೇಳಿರಲಿಲ್ಲ. ಎಷ್ಟೋ ಕಡೆ ಆ ವ್ಯವಸ್ಥೆ ಇರುತ್ತೆ. ನೋಂದಣಿ ಎಷ್ಟು ವರ್ಷ ಜೀವಂತ ಇರುತ್ತೆ, ಪಾಸಾದ ವಿಷಯಗಳು ಎಷ್ಟು ಕಾಲ ಲೆಕ್ಕಕ್ಕೆ ಬರುತ್ತವೆ, ವಿರಾಮಕ್ಕೆ ಯಾರ ಸಹಿ ಬೇಕು, ಈ ಮೂರನ್ನು ಮೊದಲ ವಾರದಲ್ಲೇ ಕೇಳಿ ಬರೆದಿಟ್ಟುಕೊಳ್ಳಿ. ನಮ್ಮ ವಯಸ್ಸಿನಲ್ಲಿ ಓದಿನ ಮಧ್ಯೆ ಏನಾದರೊಂದು ಬಂದೇ ಬರುತ್ತೆ. ಬಂದಾಗ ಈ ಮಾಹಿತಿ ಹುಡುಕುತ್ತಾ ಓಡಾಡುವ ಶಕ್ತಿ ಇರಲ್ಲ.

ಆ ಒಂದು ವರ್ಷದಲ್ಲಿ ಕಲಿತದ್ದು ಎಲ್ಲೂ ಹೋಗಿಲ್ಲ. ಮುಗಿಸದಿದ್ದರೆ ಎಲ್ಲ ವ್ಯರ್ಥ ಅಂತ ದಯವಿಟ್ಟು ಯಾರೂ ಅವರಿಗೆ ಹೇಳಬೇಡಿ.

ಕಿರಿಯ_ಸಹಪಾಠಿ

ಅಕ್ಕ, ನಂಗೆ 20. ನಮ್ಮ ಕ್ಲಾಸಲ್ಲಿ ನಿಮ್ಮ ವಯಸ್ಸಿನ ಇಬ್ಬರಿದ್ದಾರೆ. ನಮ್ಮ ಕಡೆಯಿಂದ ಹೇಗೆ ಕಾಣುತ್ತೆ ಅಂತ ಹೇಳ್ತೀನಿ.

ನೀವು ಅಂದುಕೊಂಡಷ್ಟು ನಾವ್ಯಾರೂ ನಿಮ್ಮನ್ನೇ ನೋಡ್ತಾ ಕೂತಿರಲ್ಲ. ಮೊದಲ ವಾರ "ಮೇಡಂ ಲೆಕ್ಚರರಾ?" ಅಂತ ಒಬ್ಬರಾದರೂ ಕೇಳ್ತಾರೆ, ಆಮೇಲೆ ಮುಗೀತು. ನಮ್ಮ ಕ್ಲಾಸಿನ ಒಬ್ಬರು ಆಂಟಿ "ಸರ್, ಇದು ಅರ್ಥ ಆಗ್ಲಿಲ್ಲ, ಇನ್ನೊಂದ್ಸಲ ಹೇಳಿ" ಅಂತಾರೆ. ಅದು ನಮಗ್ಯಾರಿಗೂ ಅರ್ಥ ಆಗಿರಲ್ಲ, ಕೇಳೋ ಧೈರ್ಯ ಇರಲ್ಲ. ಅವರು ಕೇಳಿದಾಗ ಇಡೀ ಬೆಂಚು ಪೆನ್ನು ತಗೊಳ್ಳುತ್ತೆ.

ಕಷ್ಟ ಆಗೋದು ಯಾವಾಗ ಅಂದ್ರೆ, ಪ್ರತಿ ಪ್ರಶ್ನೆಗೂ ಹಿರಿಯರೇ ಉತ್ತರ ಕೊಟ್ಟಾಗ, ಇಲ್ಲಾ ಗ್ರೂಪ್ ಪ್ರಾಜೆಕ್ಟಲ್ಲಿ ನಮಗೆ ಬಾಸ್ ಆದಾಗ. ಇನ್ನೊಬ್ಬರು ಅಂಕಲ್ ನಮ್ಮ ಗುಂಪಲ್ಲಿದ್ರು. ಕೆಲಸ ಎಲ್ಲ ಅವರೇ ಹಂಚಿ, ದಿನಾಂಕ ಹಾಕಿ, ಕೊನೆಗೆ ನಮ್ಮ ಭಾಗವನ್ನೂ ಅವರೇ ತಿದ್ದಿ ಬರೆದ್ರು. ಮಾರ್ಕ್ಸ್ ಚೆನ್ನಾಗೇ ಬಂತು. ನಾನು ಕಲ್ತಿದ್ದು ಕಮ್ಮಿ.

ರಾತ್ರಿಪಾಳಿ

ಕಿರಿಯ ಅವರೇ, ಇದನ್ನು ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್. ಇನ್ನೊಂದು ಬದಿಯನ್ನೂ ಹೇಳುತ್ತೇನೆ. ನಿಮ್ಮ ಗುಂಪುಗಳು ಕೆಲಸ ಶುರು ಮಾಡೋದು ರಾತ್ರಿ ಹತ್ತರ ಮೇಲೆ, ಅದೂ ಕೊನೇ ದಿನ. ಬೆಳಿಗ್ಗೆ ಪಾಳಿ ಇದ್ದವರಿಗೆ ಅದು ಸಾಧ್ಯವೇ ಇಲ್ಲ. ಆತಂಕಕ್ಕೆ ನಾವೇ ಎಲ್ಲ ಮಾಡಿಬಿಡುತ್ತೇವೆ. ನನ್ನ ಗುಂಪಿನಲ್ಲಿ ಮೊದಲ ದಿನವೇ ಹೇಳಿದ್ದೆ: "ರಾತ್ರಿ ಒಂಬತ್ತರ ಮೇಲೆ ನಾನು ಸಿಗಲ್ಲ, ನನ್ನ ಭಾಗ ಎರಡು ದಿನ ಮುಂಚೆ ಕೊಟ್ಟಿರುತ್ತೇನೆ. ನಿಮ್ಮ ಭಾಗ ನಿಮ್ಮದು." ಅಷ್ಟೇ ಸಾಕಾಯಿತು. ಸ್ಲೈಡ್ ಮಾಡೋದು, ಪೋರ್ಟಲ್ಲಿಗೆ ಅಪ್‌ಲೋಡ್ ಮಾಡೋದು ಅವರಿಂದ ಕಲಿತೆ. ಪ್ರಬಂಧಕ್ಕೆ ಆಕರಗಳನ್ನು ಜೋಡಿಸಲು ಜೊಟೆರೊ ಅನ್ನೋ ಉಚಿತ ಸಾಫ್ಟ್‌ವೇರ್ ಇದೆ ಅಂತ ತೋರಿಸಿಕೊಟ್ಟಿದ್ದೂ ಒಬ್ಬ ಹುಡುಗನೇ.

ಹತ್ತಿರದ_ಕನ್ನಡಕ

ಒಂದು ಸಣ್ಣ ವಿಷಯ, ಯಾರೂ ಹೇಳಿಲ್ಲ. ತರಗತಿಗೆ ಮುಂಚೆ ಕಣ್ಣು ತೋರಿಸಿ. ನಲವತ್ತರ ಆಸುಪಾಸಿನಿಂದ ಕಣ್ಣಿನ ಮಸೂರ ಗಡಸಾಗುತ್ತಾ ಹತ್ತಿರದ್ದು ಮಸುಕಾಗುತ್ತೆ. ತರಗತಿಯಲ್ಲಿ ಬೋರ್ಡು, ನೋಟ್ಸು, ಬೋರ್ಡು, ನೋಟ್ಸು ಅಂತ ನಿಮಿಷಕ್ಕೆ ಹತ್ತು ಸಲ ಕಣ್ಣು ಓಡಾಡಬೇಕು. ಬರೀ ಓದುವ ಕನ್ನಡಕ ಹಾಕಿದರೆ ಬೋರ್ಡು ಕಾಣಲ್ಲ, ತೆಗೆದರೆ ನೋಟ್ಸು ಕಾಣಲ್ಲ. ಎರಡೂ ದೂರಕ್ಕೆ ಆಗುವ ಕನ್ನಡಕ ಹಾಕಿದ ಮೇಲೆ ನನ್ನ ತಲೆನೋವು ಹೋಯಿತು.

ಕೈಯೂ ಅಷ್ಟೇ. ವರ್ಷಾನುಗಟ್ಟಲೆ ಕೀಬೋರ್ಡ್ ಕುಟ್ಟಿದ ಬೆರಳಿಗೆ ಮೂರು ಗಂಟೆ ಪೆನ್ನು ಹಿಡಿಯುವ ಅಭ್ಯಾಸ ತಪ್ಪಿರುತ್ತೆ. ಪರೀಕ್ಷೆ ಬರವಣಿಗೆಯದ್ದಾದರೆ, ಮೇಷ್ಟ್ರು ಹೇಳಿದ ಖಾಲಿ ಹಾಳೆಯ ಅಭ್ಯಾಸವನ್ನು ಪೆನ್ನಿನಲ್ಲೇ ಮಾಡಿ. ವಾರಕ್ಕೆ ಒಂದು ಸಲ ಗಡಿಯಾರ ಇಟ್ಟುಕೊಂಡು ಬರೆಯಿರಿ.

ಒಂದೇ_ಉಸಿರು

ಎಲ್ಲರೂ ನಿಧಾನ, ನಿಧಾನ ಅನ್ನುತ್ತಿದ್ದೀರಿ. ನನ್ನ ಅಭಿಪ್ರಾಯ ಬೇರೆ. ನಾನು ಪೂರ್ತಿ ವಿಷಯ ತಗೊಂಡು ಮೂರೇ ವರ್ಷಕ್ಕೆ ಮುಗಿಸಿದೆ. ಎಳೆದಷ್ಟೂ ಬದುಕು ಅಡ್ಡ ಬರುತ್ತೆ. ಮೂರು ವರ್ಷ ಮನೆಯವರು ತಡೆದುಕೊಳ್ಳುತ್ತಾರೆ, ಆರು ವರ್ಷ ತಡೆದುಕೊಳ್ಳಲ್ಲ. ಜೊತೆಗೆ ಸೇರಿದ ಬ್ಯಾಚಿನೊಂದಿಗೇ ಕೊನೆತನಕ ಹೋದರೆ ನೋಟ್ಸು, ಸ್ನೇಹ, ಹುಮ್ಮಸ್ಸು ಎಲ್ಲ ಜೊತೆಗಿರುತ್ತೆ.

ಸಂಖ್ಯಾ_ಮೇಷ್ಟ್ರು

ಒಂದೇ_ಉಸಿರು ಅವರು ಹೇಳಿದ್ದರಲ್ಲಿ ಸತ್ಯವಿದೆ, ಬ್ಯಾಚಿನ ಬಲ ದೊಡ್ಡದು. ಆದರೆ ನೀವು ಆಗ ಪೂರ್ಣಾವಧಿ ಕೆಲಸದಲ್ಲಿದ್ದಿರಾ?

ಒಂದೇ_ಉಸಿರು

ಇಲ್ಲ ಸರ್, ಕೆಲಸ ಬಿಟ್ಟು ಓದಿದೆ. ಅದನ್ನು ಹೇಳಲೇಬೇಕಿತ್ತು, ನಿಜ.

ಸಂಖ್ಯಾ_ಮೇಷ್ಟ್ರು

ಅದೇ ವ್ಯತ್ಯಾಸ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 1969ರಲ್ಲಿ ಸ್ಥಾಪನೆಯಾಗಿ 1971ರಲ್ಲಿ ಮೊದಲ ವಿದ್ಯಾರ್ಥಿಗಳನ್ನು ತೆಗೆದುಕೊಂಡಾಗ, ಹಿಂದಿನ ಅಂಕಪಟ್ಟಿ ಕೇಳದೆ, ದುಡಿಯುವವರು ಮನೆಯಿಂದಲೇ ಬಿಡುವಿನಲ್ಲಿ ಓದುವ ಹಾಗೆ ಪಾಠಗಳನ್ನು ರೂಪಿಸಿತು. ಕೆಲಸದ ಜೊತೆ ಓದು ಅಂದರೆ ವರ್ಷಗಳು ಹೆಚ್ಚು ಹಿಡಿಯುತ್ತವೆ ಎಂಬುದನ್ನು ಒಪ್ಪಿಕೊಂಡೇ ಕಟ್ಟಿದ ವ್ಯವಸ್ಥೆ ಅದು. ಕೆಲಸ ಬಿಡುವ ಸ್ಥಿತಿ ಇದ್ದರೆ ಪೂರ್ತಿ ತಗೊಳ್ಳಿ. ಇಲ್ಲವಾದರೆ ಮೊದಲ ಸೆಮಿಸ್ಟರಿನಲ್ಲಿ ಕಡಿಮೆ ತಗೊಂಡು, ನಿಮ್ಮ ನಿಜವಾದ ವೇಗ ಗೊತ್ತಾದ ಮೇಲೆ ಹೆಚ್ಚಿಸಿ. ಕಡಿಮೆ ವಿಷಯ ತಗೊಳ್ಳಲು ಕಾಲೇಜು ಬಿಡುತ್ತದೆಯೇ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ಕೇಳಬೇಕು.

ಮನೆಯ_ಇನ್ನೊಬ್ಬ

ನಾನು ಓದಿದವನಲ್ಲ, ನನ್ನ ಹೆಂಡತಿ ನಲವತ್ತೆರಡಕ್ಕೆ ಓದಿದಳು. ಮನೆಯಲ್ಲಿರುವವರ ಕಡೆಯ ಮಾತು ಇದು.

"ಸಹಾಯ ಮಾಡಿ" ಅಂತ ಒಟ್ಟಾರೆ ಹೇಳಿದಾಗ ನನಗೆ ಏನು ಮಾಡಬೇಕು ಅಂತ ತಿಳಿಯುತ್ತಿರಲಿಲ್ಲ. ಅವಳು ಓದುತ್ತಾ ಕೂತಿದ್ದರೂ ಮಕ್ಕಳು ಹೋಗಿ ಕೇಳುತ್ತಿದ್ದದ್ದು ಅವಳನ್ನೇ: ಸಾಕ್ಸ್ ಎಲ್ಲಿ, ಚಾರ್ಜರ್ ಎಲ್ಲಿ. ಆಮೇಲೆ ಕೂತು ಮಾತಾಡಿದೆವು. ಮಂಗಳವಾರ, ಗುರುವಾರ ಸಂಜೆ ಏಳರಿಂದ ಒಂಬತ್ತು ಮತ್ತು ಭಾನುವಾರ ಬೆಳಿಗ್ಗೆ ಮನೆಯ ಜವಾಬ್ದಾರಿ ಪೂರ್ತಿ ನನ್ನದು, ಏನೇ ಬಂದರೂ ಅವಳ ಬಾಗಿಲು ತಟ್ಟುವ ಹಾಗಿಲ್ಲ ಅಂತ. ಆ ಹೊತ್ತಿನಲ್ಲಿ ಅಡುಗೆ ನನ್ನ ರೀತಿಯಲ್ಲೇ ಆಗುತ್ತಿತ್ತು. ಅವಳು ಅದನ್ನು ಹಾಗೇ ಬಿಟ್ಟಳು, ಎದ್ದು ಬಂದು ಸರಿಮಾಡಲಿಲ್ಲ. ಅದರಿಂದಲೇ ನಡೆಯಿತು ಅಂತ ನಾನು ನಂಬುತ್ತೇನೆ. ನಿಮ್ಮ ಮನೆಯವರಿಗೆ ಗಂಟೆ ಹೇಳಿ, ಕೆಲಸ ಹೇಳಿ, ಆಮೇಲೆ ಆ ಕೆಲಸದ ಕಡೆ ತಿರುಗಿ ನೋಡಬೇಡಿ.

ಅರ್ಧಕ್ಕೆ_ನಿಂತವಳು

ಮನೆಯ_ಇನ್ನೊಬ್ಬ ಅವರೇ, ನಿಮ್ಮ ಈ ಮಾತನ್ನು ನಮ್ಮ ಮನೆಯವರಿಗೆ ಓದಿ ಹೇಳಿದೆ.

ಮರಳಿ_ತರಗತಿಗೆ

ಎಲ್ಲರಿಗೂ ಮನಸಾರೆ ಧನ್ಯವಾದ. ಪ್ರತಿಯೊಂದನ್ನೂ ಓದಿದೆ, ಮೇಷ್ಟ್ರು ಹೇಳಿದ ಹಾಗೆ ಮುಚ್ಚಿಟ್ಟು ಬರೆದೂ ನೋಡಿದೆ.

ತೀರ್ಮಾನ ಹೀಗಿದೆ. ಮೊದಲ ಸೆಮಿಸ್ಟರಿಗೆ ಎರಡೇ ವಿಷಯ: ವಿವರಣಾತ್ಮಕ ಸಂಖ್ಯಾಶಾಸ್ತ್ರ ಮತ್ತು ಗಣಿತ. ಕಾಲೇಜಿನಲ್ಲಿ ಕೇಳಿದೆ, ಹಾಗೆ ತಗೊಳ್ಳಬಹುದು, ನೋಂದಣಿಯ ಅವಧಿಯೊಳಗೆ ಮುಗಿಸಬೇಕು ಅಂದರು, ಬರೆದುಕೊಂಡು ಬಂದಿದ್ದೇನೆ. ವಾರಕ್ಕೆ ಹದಿನೆಂಟು ಗಂಟೆ ಬೇಕು ಅನ್ನೋ ಲೆಕ್ಕ ಬಂತು. ಎರಡು ಮಧ್ಯಾಹ್ನ, ಮೂರು ಸಂಜೆ, ಶನಿವಾರ ಬೆಳಿಗ್ಗೆ. ಸಂಜೆಗಳನ್ನು ಮಗ ಮತ್ತು ಮನೆಯವರು ಹಂಚಿಕೊಂಡಿದ್ದಾರೆ. ಕಣ್ಣು ತೋರಿಸಿದೆ, ಹೊಸ ಕನ್ನಡಕ ಬರುತ್ತೆ. ಗಣಿತದ ಪುಸ್ತಕದಲ್ಲಿ ಭಿನ್ನರಾಶಿ ದಾಟಿದೆ, ಋಣಚಿಹ್ನೆಯಲ್ಲಿ ನಿಂತಿದ್ದೇನೆ. ನೇಮಕಾತಿ ಸರ್, ನೀವು ಹೇಳಿದ ಹಾಗೆ ನಮ್ಮ ಸಂಸ್ಥೆಯಲ್ಲೇ ಆ ಕುರ್ಚಿಯಲ್ಲಿರುವ ಒಬ್ಬರನ್ನು ಮಾತಾಡಿಸಿದೆ. ಅವರು ದಿನವೆಲ್ಲ ಆರ್ ಅನ್ನೋ ಸಾಫ್ಟ್‌ವೇರ್ ಬಳಸುತ್ತಾರಂತೆ.

ಒಂದು ಪ್ರಶ್ನೆ ಉಳಿದಿದೆ. ತಿಂಗಳ ಕೊನೆಗೆ ಲೆಕ್ಕ ಮುಚ್ಚುವ ದಿನಗಳಲ್ಲಿ ಕಚೇರಿಯಿಂದ ಏಳೋಕೆ ಆಗಲ್ಲ. ಆ ವಾರದ ತರಗತಿ ತಪ್ಪುವುದು ಖಂಡಿತ. ಮೊದಲೇ ಅಧ್ಯಾಪಕರಿಗೆ ಹೇಳಬೇಕಾ, ಅಥವಾ ಆಗ ನೋಡಿಕೊಂಡರಾಯಿತಾ?

ಸಂಖ್ಯಾ_ಮೇಷ್ಟ್ರು

ಮೊದಲೇ ಹೇಳಿ. ಮೊದಲ ವಾರದಲ್ಲೇ ಇಡೀ ಸೆಮಿಸ್ಟರಿನ ತಿಂಗಳ ಕೊನೆಯ ದಿನಾಂಕಗಳನ್ನು ಒಂದು ಇಮೇಲಿನಲ್ಲಿ ಬರೆದು ಪ್ರತಿ ಅಧ್ಯಾಪಕರಿಗೂ ಕಳಿಸಿ. ಆ ದಿನಗಳಲ್ಲಿ ಕಿರುಪರೀಕ್ಷೆ ಬಿದ್ದರೆ ಬದಲಿ ದಿನ ಸಿಗುತ್ತದೆಯೇ, ಕನಿಷ್ಠ ಹಾಜರಾತಿ ಎಷ್ಟು, ಎರಡನ್ನೂ ಅದರಲ್ಲೇ ಕೇಳಿ. ಮುಂಚಿತವಾಗಿ ತಿಳಿಸಿದವರಿಗೆ ದಾರಿ ಮಾಡಿಕೊಡುವುದು ನಮಗೆ ಸುಲಭ, ತಪ್ಪಿದ ಮೇಲೆ ಬಂದರೆ ನಿಯಮ ನಮ್ಮ ಕೈಯನ್ನೂ ಕಟ್ಟಿಹಾಕುತ್ತದೆ. ತಪ್ಪಿದ ತರಗತಿಯ ನೋಟ್ಸಿಗೆ ಒಬ್ಬರನ್ನಲ್ಲ, ಇಬ್ಬರನ್ನು ಗೊತ್ತುಮಾಡಿಕೊಳ್ಳಿ.

ಆರ್ ಉಚಿತ, ಮನೆಯ ಕಂಪ್ಯೂಟರಿನಲ್ಲೇ ಹಾಕಿಕೊಳ್ಳಬಹುದು. ಹಾಕಿಕೊಂಡು 4, 7, 10ನ್ನೇ ಕೊಟ್ಟು ವ್ಯತ್ಯಯ ಕೇಳಿ. 9 ಅಂತ ಬರುತ್ತದೆ. ಅದು ಯಾಕೆ 6 ಅಲ್ಲ ಅಂತ ನಿಮಗೆ ಈಗಾಗಲೇ ಗೊತ್ತಿದೆ.

ಕಿರಿಯ_ಸಹಪಾಠಿ

ಅಕ್ಕ, ನೋಟ್ಸ್ ಕೇಳುವಾಗ ಮುಂದಿನ ಬೆಂಚಿನವರನ್ನೇ ಕೇಳಬೇಕು ಅಂತಿಲ್ಲ. ಯಾರ ನೋಟ್ಸಲ್ಲಿ ಲೆಕ್ಕದ ಎಲ್ಲಾ ಹಂತ ಇರುತ್ತೆ ಅಂತ ಎರಡು ವಾರ ನೋಡಿ, ಅವರನ್ನ ಕೇಳಿ. ಆರ್ ಹಾಕ್ಕೊಳ್ಳುವಾಗ ಎಲ್ಲಾದ್ರೂ ಸಿಕ್ಕಿಕೊಂಡ್ರೆ ಇಲ್ಲೇ ಬರೀರಿ, ನಾನು ನೋಡ್ತಿರ್ತೀನಿ.